ಕೈಗೆ ತಕ್ಕ ಗಿಟಾರು

“ಕುಣಿಯಲಾರದವಳು ನೆಲ ಡೊಂಕು ಎಂದಳು” ಎಂಬ ಗಾದೆಯನ್ನು ಕೇಳದವರು ನಮ್ಮಲ್ಲಿ ಯಾರೂ ಇಲ್ಲ. ತನ್ನ ಕೈಲಾಗದ್ದಕ್ಕೆ ಹೊರಗಿನ ವಸ್ತುವನ್ನು ದೂರುವವರನ್ನು ಕುರಿತು ಹಿರಿಯರು ಆಡಿದ ಮಾತು ಇದು. ಮಾತು ಸತ್ಯವೇ ಸರಿ. ಆದರೆ ಒಮ್ಮೊಮ್ಮೆ ನೆಲವೂ ನಿಜವಾಗಿಯೇ ಡೊಂಕಾಗಿರುವುದುಂಟು. ಆಗ ಕುಣಿಯುವವಳು ಏನು ಮಾಡಬೇಕು? ಗಾದೆಗೆ ಹೆದರಿ ಸುಮ್ಮನಿರಬೇಕೆ, ಇಲ್ಲವೆ ನೆಲವನ್ನು ಅಳೆದು ನೋಡಬೇಕೆ? ಈ ಪ್ರಶ್ನೆ ನನ್ನ ಪಾಲಿಗೆ ಬಂದುದು ಒಂದು ಗಿಟಾರಿನ ಮೂಲಕ. ದೊಡ್ಡ ಗಿಟಾರನ್ನು ಕೊಳ್ಳಬೇಕೋ ಚಿಕ್ಕದನ್ನು ಕೊಳ್ಳಬೇಕೋ ಎಂಬ ಸಾಮಾನ್ಯ ಸಂದೇಹವನ್ನು ಬಿಡಿಸಿ ಹೇಳುವುದೇ ಈ ಲೇಖನದ ಉದ್ದೇಶ. ನಡುವೆ ನನ್ನ ಕಥೆಯೂ ಸ್ವಲ್ಪ ಬರುತ್ತದೆ; ಓದುಗರು ಕ್ಷಮಿಸಬೇಕು.

ನಮ್ಮ ಮನೆಯಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವಳು ನಾನೇ ಮೊದಲಿಗಳು. ತಂದೆಯವರು ಗಾರೆ ಕೆಲಸದವರು. ಮೊದಲನೆಯ ಬಿ.ಎ. ತರಗತಿಯಲ್ಲಿದ್ದಾಗ ಕಾಲೇಜಿನ ಸಮಾರಂಭವೊಂದರಲ್ಲಿ ಯಾರೋ ಗಿಟಾರು ನುಡಿಸುತ್ತ ಭಾವಗೀತೆ ಹಾಡಿದುದನ್ನು ಕೇಳಿ ನನಗೂ ಅದೇ ಹುಚ್ಚು ಹಿಡಿಯಿತು. ವರ್ಷವಿಡೀ ಬೀದಿಯ ಮಕ್ಕಳಿಗೆ ಮನೆಪಾಠ ಹೇಳಿ ಹಣ ಕೂಡಿಸಿ, ಪಟ್ಟಣದ ಅಂಗಡಿಯೊಂದಕ್ಕೆ ಹೋದೆ. ಗೋಡೆಯ ಮೇಲೆ ದೊಡ್ಡವೂ ಚಿಕ್ಕವೂ ತೂಗುತ್ತಿದ್ದವು. ಚಿಕ್ಕದರ ಕಡೆ ಕೈ ಚಾಚಿದಾಗ ಅಂಗಡಿಯವರು, “ಅದು ಮಕ್ಕಳದಮ್ಮ, ನೀವು ಕಾಲೇಜಿನವರು, ದೊಡ್ಡದೇ ತಗೊಳ್ಳಿ” ಎಂದರು. ಅವರ ಮಾತಿನಲ್ಲಿ ವಂಚನೆಯೇನೂ ಇರಲಿಲ್ಲ. ಲೋಕವೆಲ್ಲ ಹೇಳುವುದನ್ನೇ ಅವರೂ ಹೇಳಿದರು. ನಾನು ದೊಡ್ಡದನ್ನೇ ತಂದೆ.

ಮೂರು ತಿಂಗಳು ಹೆಣಗಿದೆ. ಬಲಗೈಯನ್ನು ಅದರ ಹೊಟ್ಟೆಯ ಮೇಲಿಂದ ಹಾಕಿದರೆ ಭುಜ ಕಿವಿಯ ಬಳಿಗೆ ಬರುತ್ತಿತ್ತು. ಎಡಗೈಯ ಬೆರಳುಗಳು ಒಂದು ತಂತಿಯನ್ನು ಮುಟ್ಟಿದರೆ ಇನ್ನೊಂದನ್ನು ಬಿಡುತ್ತಿದ್ದವು. ಕಲಿಯುವವರೆಲ್ಲ ಅಂಜುವ ‘ಎಫ್’ ಎಂಬ ಸ್ವರಮೇಳವಂತೂ ಒಂದು ದಿನವೂ ಸ್ವಚ್ಛವಾಗಿ ನುಡಿಯಲಿಲ್ಲ. ಕೊನೆಗೆ ಗಿಟಾರು ಚೀಲದೊಳಗೆ ಸೇರಿ, ಅಕ್ಕಿಯ ಮೂಟೆಯ ಮೇಲಿನ ಮೊಳೆಗೆ ನೇತುಬಿತ್ತು. ವಾದ್ಯದ ಮೇಲೆ ತಪ್ಪು ಹೊರಿಸುವ ಯೋಚನೆಯೇ ನನಗೆ ಬರಲಿಲ್ಲ. “ಇದೆಲ್ಲ ನಮ್ಮಂಥವರಿಗಲ್ಲ, ನನ್ನ ಬೆರಳುಗಳೇ ಇದಕ್ಕೆ ಹುಟ್ಟಿದವಲ್ಲ” ಎಂದುಕೊಂಡೆ. ಹಣ ಹೋದುದಕ್ಕಿಂತ ಈ ಯೋಚನೆಯೇ ಹೆಚ್ಚು ನೋಯಿಸಿತು.

ಒಂದು ವರ್ಷದ ಅನಂತರ ಅಂತರಕಾಲೇಜು ಸ್ಪರ್ಧೆಗೆ ಹೋಗಿದ್ದಾಗ, ಬೇರೆ ಕಾಲೇಜಿನ ವಿದ್ಯಾರ್ಥಿನಿಯೊಬ್ಬಳು ತನ್ನ ಚಿಕ್ಕ ಗಿಟಾರನ್ನು ನನ್ನ ತೊಡೆಯ ಮೇಲಿಟ್ಟು, “ಒಂದ್ಸಲ ನುಡಿಸಿ ನೋಡಿ, ಅಕ್ಕ” ಎಂದಳು. ಮರೆತೇಹೋಗಿದೆ ಎಂದುಕೊಂಡಿದ್ದ ‘ಎಫ್’ ಮೂರನೆಯ ಯತ್ನಕ್ಕೇ ನುಡಿಯಿತು. ಬೆರಳುಗಳು ಅವೇ, ನಾನೂ ಅವಳೇ. ಹಾಗಾದರೆ ಬದಲಾದುದೇನು? ಊರಿಗೆ ಮರಳಿದವಳೇ ತಂದೆಯವರ ಅಳತೆಯ ಟೇಪನ್ನು ತೆಗೆದುಕೊಂಡು ಅಳೆಯಲು ಕುಳಿತೆ. ಮುಂದಿನ ವಿವರಣೆಯೆಲ್ಲ ಹಾಗೆ ಕುಳಿತು ಅಳೆದುದರ ಫಲ, ಆಮೇಲೆ ಪುಸ್ತಕ ಓದಿ ತಿಳಿದುದರ ಫಲ.

ಮೊದಲು ಗಿಟಾರಿನ ಅಂಗಗಳನ್ನು ಸ್ಥೂಲವಾಗಿ ತಿಳಿಯೋಣ. ಕೆಳಗೆ ಟೊಳ್ಳಾದ ಮರದ ಒಡಲು; ಅದರ ಮೇಲ್ಹಲಗೆಯಲ್ಲಿ ದುಂಡನೆಯ ರಂಧ್ರ; ರಂಧ್ರದ ಕೆಳಗೆ ತಂತಿಗಳನ್ನು ಹೊತ್ತ ಕುದುರೆ. ಒಡಲಿನಿಂದ ಹೊರಟ ನೀಳವಾದ ಕತ್ತಿನ ಮೇಲೆ ಲೋಹದ ಅಡ್ಡಪಟ್ಟಿಗಳು. ಇವನ್ನು ಇಂಗ್ಲಿಷಿನಲ್ಲಿ ಫ್ರೆಟ್ ಎನ್ನುವರು, ವೀಣೆಯವರ ಮಾತಿನಲ್ಲಿ ಮೆಟ್ಟಿಲು. ಕತ್ತಿನ ತುದಿಯಲ್ಲಿ ತಂತಿಗಳನ್ನು ಬಿಗಿಯುವ ಬಿರಡೆಗಳು, ಅವುಗಳಿಗಿಂತ ಸ್ವಲ್ಪ ಕೆಳಗೆ ತಂತಿಗಳು ಹಾದುಹೋಗುವ ಗೀರುಗಳುಳ್ಳ ಒಂದು ಪಟ್ಟಿ. ಈ ಪಟ್ಟಿಯಿಂದ ಕುದುರೆಯವರೆಗೆ ಅಳೆದರೆ ಬರುವುದೇ ನುಡಿಯುವ ತಂತಿಯ ಉದ್ದ. ಗಿಟಾರು ದೊಡ್ಡದು ಚಿಕ್ಕದು ಎನ್ನುವಾಗ ನಾವು ಎರಡು ಬೇರೆ ಸಂಗತಿಗಳನ್ನು ಒಂದಾಗಿ ಹೇಳುತ್ತಿರುತ್ತೇವೆ. ಒಂದು ಒಡಲಿನ ಗಾತ್ರ, ಇನ್ನೊಂದು ತಂತಿಯ ಉದ್ದ. ಬಲಗೈಗೂ ಕಿವಿಗೂ ಸಂಬಂಧಿಸಿದ್ದು ಮೊದಲನೆಯದು; ಎಡಗೈಗೆ ಸಂಬಂಧಿಸಿದ್ದು ಎರಡನೆಯದು. ಇವನ್ನು ಬೇರ್ಪಡಿಸಿ ನೋಡಿದರೆ ಅರ್ಧ ಸಮಸ್ಯೆ ಅಲ್ಲಿಯೇ ಬಗೆಹರಿಯುತ್ತದೆ.

ಇಂದು ‘ಪೂರ್ಣ ಗಾತ್ರ’ ಎಂದು ಮಾರುವ ಗಿಟಾರು ಆದಿಯಿಂದಲೂ ಪೂರ್ಣ ಗಾತ್ರವಾಗಿರಲಿಲ್ಲ ಎಂಬುದು ಸ್ವಾರಸ್ಯದ ಸಂಗತಿ. ಹತ್ತೊಂಬತ್ತನೆಯ ಶತಮಾನದ ಗಿಟಾರುಗಳು ಬಹುಮಟ್ಟಿಗೆ ಚಿಕ್ಕವು. ಮನೆಯ ಹಜಾರದಲ್ಲಿ ನಾಲ್ಕಾರು ಜನರ ಮುಂದೆ ನುಡಿಸತಕ್ಕವು. ಸ್ಪೇನ್ ದೇಶದ ಆಂಟೋನಿಯೋ ಡಿ ಟೋರೆಸ್ (1817–1892) ಎಂಬ ಕುಶಲಕರ್ಮಿ ಒಡಲನ್ನು ಹಿಗ್ಗಿಸಿ, ತಂತಿಯ ಉದ್ದವನ್ನು ಸುಮಾರು 650 ಮಿಲಿಮೀಟರಿಗೆ ನೆಲೆಗೊಳಿಸಿದನು. ಇಂದಿನ ಶಾಸ್ತ್ರೀಯ ಗಿಟಾರಿಗೆ ಅದೇ ಮಾದರಿ. ಜರ್ಮನಿಯ ಸ್ಯಾಕ್ಸನಿ ಪ್ರಾಂತದಿಂದ 1833ರಲ್ಲಿ ಅಮೆರಿಕಕ್ಕೆ ವಲಸೆ ಹೋದ ಕ್ರಿಶ್ಚಿಯನ್ ಫ್ರೆಡರಿಕ್ ಮಾರ್ಟಿನ್ ಎಂಬಾತ ಸ್ಥಾಪಿಸಿದ ಕಾರ್ಖಾನೆಯಿಂದ ಬಂದುದು ನಮ್ಮ ಅಂಗಡಿಗಳಲ್ಲಿ ಹೆಚ್ಚಾಗಿ ಕಾಣುವ ದೊಡ್ಡ ಗಿಟಾರಿನ ಆಕಾರ. 1916ರಲ್ಲಿ ಈ ಕಾರ್ಖಾನೆ ಡಿಟ್ಸನ್ ಎಂಬ ಸಂಗೀತ ವ್ಯಾಪಾರಿಗಳಿಗಾಗಿ ಅಗಲ ಸೊಂಟದ, ಆಳವಾದ ಗಿಟಾರೊಂದನ್ನು ಮಾಡಿಕೊಟ್ಟಿತು. 1931ರಿಂದ ತನ್ನ ಹೆಸರಿನಲ್ಲಿಯೇ ಮಾರತೊಡಗಿತು. ಅದಕ್ಕಿಟ್ಟ ಹೆಸರು ‘ಡ್ರೆಡ್‌ನಾಟ್’. ಇದು 1906ರಲ್ಲಿ ನೀರಿಗಿಳಿದ ಬ್ರಿಟಿಷ್ ಯುದ್ಧನೌಕೆಯ ಹೆಸರು! ಧ್ವನಿವರ್ಧಕಗಳಿಲ್ಲದ ಕಾಲದಲ್ಲಿ ಇತರ ವಾದ್ಯಗಳ ನಡುವೆ ಕೇಳಿಸಬೇಕಾದರೆ ದೊಡ್ಡ ದನಿ ಬೇಕಾಗಿತ್ತು. ಆ ಅಗತ್ಯದಿಂದ ಹುಟ್ಟಿದ ಯುದ್ಧನೌಕೆಯನ್ನು, ಮನೆಯ ಮೂಲೆಯಲ್ಲಿ ಕುಳಿತು ಮೆಲ್ಲನೆ ಹಾಡುವ ನನ್ನಂಥವಳು ತೊಡೆಯ ಮೇಲೆ ಹೊತ್ತುಕೊಂಡಿದ್ದೆ.

ಈಗ ಅಳತೆಗಳಿಗೆ ಬರೋಣ. ಡ್ರೆಡ್‌ನಾಟ್ ಗಿಟಾರಿನ ಒಡಲು ಅತ್ಯಂತ ಅಗಲವಾದ ಕಡೆ ಸುಮಾರು 40 ಸೆಂಟಿಮೀಟರು, ಆಳ ಸುಮಾರು 12 ಸೆಂಟಿಮೀಟರು, ತಂತಿಯ ಉದ್ದ 645ರಿಂದ 650 ಮಿಲಿಮೀಟರು. ‘ಮುಕ್ಕಾಲು ಗಾತ್ರ’ ಎಂದು ಕರೆಯುವ ಚಿಕ್ಕ ಗಿಟಾರಿನ ಅಗಲ ಸುಮಾರು 32 ಸೆಂಟಿಮೀಟರು, ತಂತಿಯ ಉದ್ದ ಸುಮಾರು 580 ಮಿಲಿಮೀಟರು. ಮುಕ್ಕಾಲು ಎಂಬ ಮಾತಿಗೆ ಮೋಸಹೋಗಬಾರದು. ತಂತಿಯ ಉದ್ದ ಮುಕ್ಕಾಲಾಗಿಲ್ಲ; ಹತ್ತರಲ್ಲಿ ಒಂಬತ್ತು ಪಾಲು ಹಾಗೆಯೇ ಇದೆ. ಇವೆರಡರ ನಡುವೆ ಇನ್ನೊಂದು ಬಗೆ ಇದೆ. ಅದರ ಒಡಲು ಸುಮಾರು 38 ಸೆಂಟಿಮೀಟರು ಅಗಲ, ಆಳ ಹತ್ತೂವರೆ ಸೆಂಟಿಮೀಟರಿನಷ್ಟೇ, ಸೊಂಟ ಸಣ್ಣದು, ತಂತಿಯ ಉದ್ದ ಹಲವು ವೇಳೆ 632 ಮಿಲಿಮೀಟರು. ಮಾರ್ಟಿನ್ ಕಾರ್ಖಾನೆಯವರು ಇದಕ್ಕೆ ಮೂರು ಸೊನ್ನೆಗಳ ಗುರುತು ಕೊಟ್ಟಿದ್ದಾರೆ. ದೊಡ್ಡದು ಭಾರವೆನಿಸಿ ಚಿಕ್ಕದು ಸಾಲದೆನಿಸುವವರು ಇದನ್ನು ನೋಡಬೇಕು.

ತಂತಿಯ ಉದ್ದ ಏಳು ಸೆಂಟಿಮೀಟರು ಕಡಿಮೆಯಾದರೆ ಬೆರಳಿಗೆ ಆಗುವ ಲಾಭವೆಷ್ಟು? ಗಿಟಾರಿನಲ್ಲಿ ಹನ್ನೆರಡು ಮೆಟ್ಟಿಲು ಹತ್ತಿದರೆ ತಂತಿ ಸರಿಯಾಗಿ ಅರ್ಧವಾಗಿ, ಕೆಳಗಿನ ಷಡ್ಜ ಮೇಲಿನ ಷಡ್ಜವಾಗುತ್ತದೆ. ಪ್ರತಿಯೊಂದು ಮೆಟ್ಟಿಲೂ ಹಿಂದಿನ ಉದ್ದದಲ್ಲಿ ಸುಮಾರು ಹದಿನೆಂಟನೆಯ ಒಂದು ಪಾಲನ್ನು ಕತ್ತರಿಸುತ್ತ ಹೋಗುತ್ತದೆ. ಆದ್ದರಿಂದಲೇ ಮೆಟ್ಟಿಲುಗಳು ಬಿರಡೆಗಳ ಕಡೆ ಅಗಲವಾಗಿಯೂ ಒಡಲಿನ ಕಡೆ ಒತ್ತಾಗಿಯೂ ಇರುತ್ತವೆ. ಈ ಲೆಕ್ಕದಂತೆ, 648 ಮಿಲಿಮೀಟರಿನ ತಂತಿಯಲ್ಲಿ ಮೊದಲನೆಯ ಮೆಟ್ಟಿಲಿನಿಂದ ಮೂರನೆಯ ಮೆಟ್ಟಿಲಿಗೆ ಸುಮಾರು 67 ಮಿಲಿಮೀಟರು. 580ರ ತಂತಿಯಲ್ಲಿ 60 ಮಿಲಿಮೀಟರು. ಏಳು ಮಿಲಿಮೀಟರು ಎಂದರೆ ಏನು ಮಹಾ ಎನ್ನಬಹುದು. ಆದರೆ ತೋರುಬೆರಳನ್ನು ಅಡ್ಡಲಾಗಿ ಒತ್ತಿಹಿಡಿದು ಉಂಗುರ ಬೆರಳನ್ನು ಚಾಚುವಾಗ, ಬೆರಳು ತಲುಪುವುದಕ್ಕೂ ತಲುಪದಿರುವುದಕ್ಕೂ ಇರುವ ಅಂತರ ಅಷ್ಟೇ ಆಗಿರುತ್ತದೆ.

ಇನ್ನೊಂದು ಲಾಭ ಕಣ್ಣಿಗೆ ಕಾಣದ್ದು. ಒಂದೇ ದಪ್ಪದ ತಂತಿಯನ್ನು ಒಂದೇ ಶ್ರುತಿಗೆ ಏರಿಸುವುದಾದರೆ, ಅದಕ್ಕೆ ಬೇಕಾದ ಬಿಗಿತವು ಉದ್ದದ ವರ್ಗಕ್ಕೆ ಅನುಗುಣವಾಗಿರುತ್ತದೆ. ಉದ್ದವು ಹತ್ತರಲ್ಲಿ ಒಂಬತ್ತಾದರೆ ಬಿಗಿತವು ನೂರರಲ್ಲಿ ಸುಮಾರು ಎಂಬತ್ತಾಗುತ್ತದೆ. ದೊಡ್ಡ ಗಿಟಾರಿನ ಆರು ಉಕ್ಕಿನ ತಂತಿಗಳ ಒಟ್ಟು ಎಳೆತ ಸುಮಾರು 70 ಕಿಲೋಗ್ರಾಂ. ಅವೇ ತಂತಿಗಳು ಚಿಕ್ಕದರಲ್ಲಿ 56 ಕಿಲೋಗ್ರಾಮಿನಷ್ಟು ಎಳೆತದಲ್ಲೇ ಅದೇ ಸ್ವರ ಕೊಡುತ್ತವೆ. ಬೆರಳ ತುದಿ ಒತ್ತಬೇಕಾದ ಬಲವೂ ಅದಕ್ಕೆ ತಕ್ಕಂತೆ ತಗ್ಗುತ್ತದೆ. ಆದರೆ ಈ ಗುಣದಲ್ಲಿಯೇ ಒಂದು ದೋಷವೂ ಅಡಗಿದೆ. ಬಿಗಿತ ಕಡಿಮೆಯಾದ ತಂತಿಯನ್ನು ಬೇಕಾದುದಕ್ಕಿಂತ ಜೋರಾಗಿ ಒತ್ತಿದರೆ ಸ್ವರ ಏರಿಬಿಡುತ್ತದೆ. ಅಗ್ಗದ ಚಿಕ್ಕ ಗಿಟಾರುಗಳು ಶ್ರುತಿಯಲ್ಲಿ ನಿಲ್ಲುವುದಿಲ್ಲವೆಂಬ ದೂರಿಗೆ ಇದೂ ಒಂದು ಕಾರಣ. ಇದನ್ನು ತಪ್ಪಿಸಲು ಕೆಲವರು ಚಿಕ್ಕ ಗಿಟಾರಿಗೆ ತುಸು ದಪ್ಪ ತಂತಿಗಳನ್ನು ಹಾಕುವರು.

ನಾದದ ವಿಷಯ ಹೇಗೆ? ತಂತಿ ತಾನಾಗಿ ಮಾಡುವ ಸದ್ದು ಅತ್ಯಲ್ಪ. ಅದು ಕುದುರೆಯನ್ನು ನಡುಗಿಸಿ, ಕುದುರೆ ಮೇಲ್ಹಲಗೆಯನ್ನು ನಡುಗಿಸಿ, ಹಲಗೆಯೂ ಒಡಲೊಳಗಿನ ಗಾಳಿಯೂ ಸೇರಿ ನಮ್ಮ ಕಿವಿಗೆ ನಾದವನ್ನು ಮುಟ್ಟಿಸುತ್ತವೆ. ಖಾಲಿ ಕೊಡದ ಬಾಯಿಗೆ ಊದಿದರೆ ಗಂಭೀರವಾದ ಹೂಂಕಾರ ಬರುತ್ತದೆ, ಚೊಂಬಿಗೆ ಊದಿದರೆ ಅದಕ್ಕಿಂತ ಮೇಲಿನ ದನಿ ಬರುತ್ತದೆ. ಗಿಟಾರಿನ ಒಡಲೂ ಹೀಗೆಯೇ. ದೊಡ್ಡ ಗಿಟಾರಿನೊಳಗಿನ ಗಾಳಿ ಸೆಕೆಂಡಿಗೆ ಸುಮಾರು ನೂರು ಕಂಪನಗಳಿಗೆ ಅನುರಣಿಸುತ್ತದೆ. ಅತ್ಯಂತ ಮಂದ್ರದ ತಂತಿ 82 ಕಂಪನಗಳದ್ದು. ಎರಡೂ ಹತ್ತಿರವಾದುದರಿಂದ ಮಂದ್ರಸ್ವರಗಳು ತುಂಬಿಬರುತ್ತವೆ. ಚಿಕ್ಕ ಒಡಲಿನ ಅನುರಣನೆ ಇನ್ನೂ ಮೇಲೆ ಹೋಗುವುದರಿಂದ ಮಂದ್ರ ತೆಳುವಾಗಿ, ಮಧ್ಯದ ಸ್ವರಗಳು ಮುಂದೆ ಬರುತ್ತವೆ. ಕಂಠದ ಜೊತೆ ನುಡಿಸುವವರಿಗೆ ಇದು ನಷ್ಟವೇ ಆಗಬೇಕೆಂದಿಲ್ಲ. ತುಂಬಿಬಂದ ಮಂದ್ರ ಮೆಲುದನಿಯನ್ನು ಮುಳುಗಿಸುವುದೂ ಉಂಟು.

ಅದಲ್ಲದೆ ಗಾತ್ರವೊಂದೇ ನಾದವನ್ನು ನಿರ್ಣಯಿಸುವುದಿಲ್ಲ. ಮೇಲೆ ಹೇಳಿದ ಟೋರೆಸ್ 1862ರಲ್ಲಿ ಒಂದು ವಿಚಿತ್ರ ಗಿಟಾರನ್ನು ಮಾಡಿದನು. ಅದರ ಬೆನ್ನೂ ಪಕ್ಕಗಳೂ ರಟ್ಟಿನವು, ಮೇಲ್ಹಲಗೆ ಮಾತ್ರ ಒಳ್ಳೆಯ ಮರದ್ದು. ನಾದದ ಜೀವವಿರುವುದು ಮೇಲ್ಹಲಗೆಯಲ್ಲಿ ಎಂಬುದನ್ನು ತೋರಿಸಲು ಮಾಡಿದ ಪ್ರಯೋಗವದು. ಆದಕಾರಣ, ಕಳಪೆ ಹಲಗೆಯ ದೊಡ್ಡ ಗಿಟಾರಿಗಿಂತ ಒಳ್ಳೆಯ ಹಲಗೆಯ ಚಿಕ್ಕ ಗಿಟಾರು ಮೇಲೆಂದು ಧೈರ್ಯವಾಗಿ ಹೇಳಬಹುದು.

ಚಿಕ್ಕ ಗಿಟಾರು ಮಕ್ಕಳ ಆಟಿಕೆಯೆಂಬ ಮಾತಿಗೂ ಆಧಾರವಿಲ್ಲ. ಅಮೆರಿಕದ ಪ್ರಸಿದ್ಧ ಗಾಯಕಿ ಜೋನ್ ಬಯೆಜ್ ಅವರ ಹೆಸರಿನೊಡನೆ ಸೇರಿಹೋದುದು 1929ರಲ್ಲಿ ತಯಾರಾದ ಸಣ್ಣ ಒಡಲಿನ ಗಿಟಾರು. ಇಂಗ್ಲೆಂಡಿನ ಎಡ್ ಶೀರನ್ ಅವರನ್ನು ನಮ್ಮ ಪೀಳಿಗೆಯವರೆಲ್ಲ ಬಲ್ಲರು. 2025ರ ಫೆಬ್ರವರಿಯಲ್ಲಿ ಬೆಂಗಳೂರಿಗೂ ಬಂದು ಹಾಡಿದರು. ಅವರು ಹೆಸರಾದುದೇ ಚಿಕ್ಕ ಗಿಟಾರಿನಿಂದ. 2015ರಲ್ಲಿ ಲಂಡನ್ನಿನ ವೆಂಬ್ಲಿ ಕ್ರೀಡಾಂಗಣದಲ್ಲಿ ಮೂರು ರಾತ್ರಿ ಒಬ್ಬರೇ ನಿಂತು ಜನಸಾಗರವನ್ನು ರಂಜಿಸಿದರು. ಧ್ವನಿವರ್ಧಕವಿರುವ ಕಡೆ ಒಡಲಿನ ಗಾತ್ರ ಅಷ್ಟು ಮುಖ್ಯವಲ್ಲ. ನಮ್ಮಲ್ಲಿಯೂ ತಂಬೂರಿಯನ್ನು ಗಂಡುದನಿಗೆ ದೊಡ್ಡದಾಗಿ, ಹೆಣ್ಣುದನಿಗೆ ಚಿಕ್ಕದಾಗಿ ಮಾಡುವ ಪದ್ಧತಿಯಿಲ್ಲವೆ? ಚಿಕ್ಕ ತಂಬೂರಿ ಹಿಡಿದವರನ್ನು ಯಾರೂ ಚಿಕ್ಕ ಗಾಯಕಿಯೆನ್ನುವುದಿಲ್ಲ.

ಹಾಗೆಂದು ಎಲ್ಲರೂ ಚಿಕ್ಕದನ್ನೇ ಕೊಳ್ಳಬೇಕೆಂಬುದು ನನ್ನ ವಾದವಲ್ಲ. ಮೈಕು ಇಲ್ಲದ ಕಡೆ ಹತ್ತಾರು ಜನರ ಹಾಡಿಗೆ ತಾಳ ಹಿಡಿಯುವವರಿಗೆ, ಮಂದ್ರದ ಗಾಂಭೀರ್ಯ ಬಯಸುವವರಿಗೆ, ನೀಳವಾದ ತೋಳುಳ್ಳವರಿಗೆ ದೊಡ್ಡದೇ ಸರಿ. ದಪ್ಪ ಬೆರಳಿನವರಿಗೆ ಚಿಕ್ಕ ಗಿಟಾರಿನ ಮೇಲಿನ ಮೆಟ್ಟಿಲುಗಳು ಇಕ್ಕಟ್ಟಾಗುವುದೂ ಉಂಟು. ಬಸ್ಸಿನಲ್ಲಿ ಓಡಾಡುವವರಿಗೆ, ಗಿಡ್ಡ ತೋಳಿನವರಿಗೆ, ಹತ್ತು ಹನ್ನೊಂದು ವರ್ಷದೊಳಗಿನ ಮಕ್ಕಳಿಗೆ, ಕುಳಿತು ಮೆಲ್ಲನೆ ಬೆರಳಿನಿಂದ ಮೀಟುವವರಿಗೆ ಚಿಕ್ಕದೋ ನಡುಗಾತ್ರದ್ದೋ ಒಳ್ಳೆಯದು.

ಅಂಗಡಿಯಲ್ಲಿ ಪರೀಕ್ಷಿಸುವುದು ಹೇಗೆ? ಕೈಯಿಲ್ಲದ ಕುರ್ಚಿಯಲ್ಲಿ ನೆಟ್ಟಗೆ ಕುಳಿತು ಗಿಟಾರನ್ನು ತೊಡೆಯ ಮೇಲಿಡಬೇಕು. ಬಲಗೈಯನ್ನು ಒಡಲಿನ ಮೇಲಿಂದ ಇಳಿಬಿಟ್ಟಾಗ ಅಂಗೈ ರಂಧ್ರದ ಬಳಿಗೆ ಸಲೀಸಾಗಿ ಬರಬೇಕು, ಭುಜ ಏಳಬಾರದು. ಎಡಗೈಯನ್ನು ಮೊದಲನೆಯ ಮೆಟ್ಟಿಲಿನವರೆಗೆ ಚಾಚಿದಾಗ ಮೊಣಕೈಯಲ್ಲಿ ಇನ್ನೂ ಬಾಗು ಉಳಿದಿರಬೇಕು. ತಂತಿಗಳನ್ನು ನೋಡುವ ಆಸೆಯಿಂದ ಕತ್ತು ಬಗ್ಗಿಸಬೇಕಾಗಬಾರದು. ಐದು ನಿಮಿಷ ಹಾಗೆಯೇ ಕುಳಿತಿದ್ದರೆ ಮೈಯೇ ಉತ್ತರ ಹೇಳುತ್ತದೆ.

ಆದರೆ ನೋವೆಲ್ಲ ಗಾತ್ರದಿಂದಲೇ ಬರುವುದೆಂದು ತಿಳಿಯಬಾರದು. ಮೊದಲು ತಂತಿಯ ಎತ್ತರವನ್ನು ನೋಡಬೇಕು. ಹನ್ನೆರಡನೆಯ ಮೆಟ್ಟಿಲಿನ ಮೇಲೆ ತಂತಿ ಎರಡು, ಎರಡೂವರೆ ಮಿಲಿಮೀಟರಿನಷ್ಟು ಎತ್ತರವಿದ್ದರೆ ಚೆನ್ನ. ನಾಲ್ಕು ಮಿಲಿಮೀಟರಿದ್ದರೆ ಎಂಥವರ ಬೆರಳೂ ಸೋಲುತ್ತದೆ. ಬಿರಡೆಯ ಕಡೆಯ ಪಟ್ಟಿಯ ಗೀರುಗಳು ಸಾಕಷ್ಟು ಆಳವಾಗಿಲ್ಲದಿದ್ದರೆ ‘ಎಫ್’ ಇನ್ನೂ ಕಠಿಣ. ಇವನ್ನು ಬಲ್ಲ ಕೆಲಸಗಾರರು ಸುಲಭವಾಗಿ ಸರಿಪಡಿಸುವರು. ಎರಡನೆಯದಾಗಿ ತಂತಿಯ ದಪ್ಪ; ಒಂದು ಮಟ್ಟ ತೆಳುವಾದ ತಂತಿ ಹಾಕಿಸಿದರೆ ಬಿಗಿತ ತಗ್ಗುತ್ತದೆ. ನೈಲಾನ್ ತಂತಿಯ ಶಾಸ್ತ್ರೀಯ ಗಿಟಾರು ಬೆರಳಿಗೆ ಮೃದು, ಆದರೆ ಅದರ ಕತ್ತು ಅಗಲ. ಅಂಥ ಗಿಟಾರಿಗೆ ಎಂದಿಗೂ ಉಕ್ಕಿನ ತಂತಿ ಹಾಕಬಾರದು. ಎಳೆತ ತಾಳಲಾರದೆ ಕುದುರೆ ಕಿತ್ತುಬರುವುದುಂಟು. ಈ ಎರಡನ್ನೂ ನೋಡಿದ ಮೇಲೆಯೇ ಗಾತ್ರದ ವಿಚಾರ.

ನನ್ನ ಗಿಟಾರಿನ ತಂತಿಯ ಎತ್ತರ ಎರಡೂವರೆ ಮಿಲಿಮೀಟರು. ಅದು ಸರಿಯಾಗಿಯೇ ಇತ್ತು. ಗಾತ್ರದ್ದೇ ತೊಂದರೆಯೆಂದು ಗೊತ್ತಾಯಿತು, ಹೊಸದನ್ನು ಕೊಳ್ಳಲು ಮಾತ್ರ ಹಣವಿರಲಿಲ್ಲ. ಆಗ ಲೆಕ್ಕವೇ ಒಂದು ದಾರಿ ತೋರಿಸಿತು. ಕೇಪೋ ಎಂಬ ಚಿಕ್ಕ ಹಿಡಿಕೆಯೊಂದಿದೆ. ಅದು ಎಲ್ಲ ತಂತಿಗಳನ್ನೂ ಒಂದು ಮೆಟ್ಟಿಲಿನಲ್ಲಿ ಒತ್ತಿಹಿಡಿಯುತ್ತದೆ. 648 ಮಿಲಿಮೀಟರಿನ ತಂತಿಗೆ ಎರಡನೆಯ ಮೆಟ್ಟಿಲಿನಲ್ಲಿ ಕೇಪೋ ಹಾಕಿದರೆ ಉಳಿಯುವ ಉದ್ದ 577 ಮಿಲಿಮೀಟರು. ಹೆಚ್ಚು ಕಡಿಮೆ ಚಿಕ್ಕ ಗಿಟಾರಿನ ಉದ್ದವೇ! ಮೊದಲೇ ಎಲ್ಲ ತಂತಿಗಳನ್ನೂ ಎರಡು ಮೆಟ್ಟಿಲಿನಷ್ಟು ಇಳಿಸಿ ಶ್ರುತಿಮಾಡಿಕೊಂಡರೆ, ಕೇಪೋ ಹಾಕಿದ ಮೇಲೆ ಶ್ರುತಿ ಮೊದಲಿನದೇ ಆಗುತ್ತದೆ. ಬಿಗಿತವೂ ಐದರಲ್ಲಿ ಒಂದು ಪಾಲು ಕಡಿಮೆಯಾಗಿರುತ್ತದೆ. ಎಡಗೈಯ ಮಟ್ಟಿಗೆ ದೊಡ್ಡ ಗಿಟಾರು ಚಿಕ್ಕದಾಯಿತು. ಒಡಲು ಕುಗ್ಗುವುದಿಲ್ಲವೆಂಬುದು ನಿಜ. ಅದಕ್ಕಾಗಿ ಎಡಗಾಲಿನ ಕೆಳಗೊಂದು ಮಣೆಯಿಟ್ಟು, ಗಿಟಾರನ್ನು ಎಡತೊಡೆಯ ಮೇಲೆ ಓರೆಯಾಗಿ ಕೂರಿಸಿಕೊಂಡೆ. ಭುಜ ಇಳಿಯಿತು. ಚಿಕ್ಕದು ತನಗೆ ಒಗ್ಗುವುದೋ ಇಲ್ಲವೋ ಎಂಬ ಸಂಶಯವಿರುವವರು ಹಣ ಖರ್ಚುಮಾಡುವ ಮೊದಲು ಈ ಪರೀಕ್ಷೆಯನ್ನು ಮಾಡಿ ನೋಡಬಹುದು.

ನಾನು ಟೇಪು ಹಿಡಿದು ಗಿಟಾರನ್ನು ಅಳೆಯುತ್ತಿದ್ದ ಸಂಜೆ ತಂದೆಯವರು ಕೆಲಸದಿಂದ ಬಂದು ಬಾಗಿಲಲ್ಲಿ ನಿಂತು ನೋಡಿದರು. ವಿಷಯವನ್ನು ವಿವರಿಸಿದೆ. ಅವರು ಚೀಲದಿಂದ ತಮ್ಮ ಕರಣೆಯನ್ನು ತೆಗೆದು ನನ್ನ ಕೈಗೆ ಕೊಟ್ಟು, “ಹಿಡಿದು ನೋಡು” ಎಂದರು. ಹಿಡಿ ನನ್ನ ಮುಷ್ಟಿಗೆ ದಪ್ಪವಾಯಿತು. “ನಾನು ಕೆಲಸ ಕಲಿಯೋವಾಗ ಮೇಸ್ತ್ರಿ ದೊಡ್ಡ ಕರಣೆ ಕೊಟ್ಟಿದ್ದರು ಕಣವ್ವ. ಗಾರೆ ಎಲ್ಲ ನೆಲಕ್ಕೇ ಬೀಳ್ತಿತ್ತು. ಕೆಲಸ ಬಾರದವನು ಅಂತ ಬೈಸಿಕೊಂಡೆ. ಆಮೇಲೆ ಹಿಡಿ ಕೆತ್ತಿಕೊಂಡು ಸಣ್ಣದು ಮಾಡಿಕೊಂಡೆ, ಅಷ್ಟೆ” ಎಂದರು. ಇಷ್ಟು ವರ್ಷ ಅವರು ಈ ಮಾತನ್ನು ನನಗೆ ಹೇಳಿರಲಿಲ್ಲ, ನಾನೂ ಕೇಳಿರಲಿಲ್ಲ.

ಈ ವರ್ಷದ ಕಾಲೇಜು ದಿನಾಚರಣೆಯಲ್ಲಿ ನಮ್ಮ ತರಗತಿಯವರು ಹಾಡಿದ ಎರಡು ಭಾವಗೀತೆಗಳಿಗೆ ಹಿನ್ನೆಲೆಯಲ್ಲಿ ಗಿಟಾರು ನುಡಿಸಿದವಳು ನಾನೇ. ಅದು ಅದೇ ದೊಡ್ಡ ಗಿಟಾರು, ಎರಡನೆಯ ಮೆಟ್ಟಿಲಿನಲ್ಲಿ ಕೇಪೋ. ಒಂದೆರಡು ಕಡೆ ತಪ್ಪಿದೆ. ಆ ತಪ್ಪುಗಳು ನನ್ನವೇ, ಗಿಟಾರಿನವಲ್ಲ; ಈಗ ಅಷ್ಟನ್ನು ಬೇರ್ಪಡಿಸಿ ಹೇಳಬಲ್ಲೆ. ಕೆಲಸ ಸಿಕ್ಕಿದ ಮೇಲೆ ನಡುಗಾತ್ರದ್ದೊಂದನ್ನು ಕೊಳ್ಳಬೇಕೆಂಬ ಆಸೆಯಿದೆ.

ಮುಂದಿನ ವರ್ಷ ಈ ಕಾಲೇಜಿಗೆ ಬರುವ ತಮ್ಮಂದಿರಿಗೂ ತಂಗಿಯರಿಗೂ ನನ್ನದೊಂದು ಬಿನ್ನಹ. ವಾದ್ಯವಾಗಲಿ, ಇಂಗ್ಲಿಷ್ ಪುಸ್ತಕವಾಗಲಿ, ಬೇರಾವುದೇ ವಿದ್ಯೆಯಾಗಲಿ, ಕೈಗೆ ಹತ್ತದಿದ್ದಾಗ “ಇದು ನಮ್ಮಂಥವರಿಗಲ್ಲ” ಎಂದು ಮೊಳೆಗೆ ನೇತುಹಾಕುವ ಮೊದಲು ಒಂದು ಸಂಜೆ ಟೇಪು ಹಿಡಿದು ಕುಳಿತುಕೊಳ್ಳಿ. ಕಾಲು ಡೊಂಕಾಗಿದ್ದರೆ ಅಭ್ಯಾಸದಿಂದ ತಿದ್ದಿಕೊಳ್ಳಬಹುದು. ನೆಲ ಡೊಂಕಾಗಿದ್ದರೆ ಮಟ್ಟಮಾಡಿಕೊಳ್ಳಬಹುದು. ಯಾವುದು ಡೊಂಕೆಂದು ಅಳೆಯದೆ ಕುಣಿತವನ್ನೇ ಬಿಡುವುದು ಮಾತ್ರ ಸಲ್ಲದು.